ಹತ್ತರಲ್ಲಿ ಎಂಟು 'ಬೇಡ': ಮಗನಿಗೆ ಏನು ಉತ್ತರ ಕೊಡಲಿ?

ಹೊಸನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ನಮ್ಮ ಕಥೋಲಿಕ ಚರ್ಚಿನಲ್ಲಿ ಏಳು ವರ್ಷದಿಂದ ಐದನೇ ಕ್ಲಾಸಿನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ದೇವರ ಹತ್ತು ಕಟ್ಟಳೆ ಬಾಯಿಪಾಠ ಮಾಡಿಸುವುದು ನನ್ನ ಪಾಲಿನ ಕೆಲಸ. ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ರಜೆಗೆ ಬಂದಿದ್ದಾನೆ. ಮೊನ್ನೆ ರಾತ್ರಿ ಇಬ್ಬರೂ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತಿದ್ದೆವು. ಬೆಳಗ್ಗೆ ಪೂಜೆಗೆ ಬರ್ತೀಯಾ ಅಂತ ಕೇಳಿದೆ. ಅವನು ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಹೇಳಿದ: "ಅಮ್ಮಾ, ನೀನು ಮಕ್ಕಳಿಗೆ ಹೇಳಿಕೊಡೋ ಹತ್ತರಲ್ಲಿ ಎಷ್ಟು 'ಬೇಡ' ಇದೆ ಎಣಿಸಿದ್ದೀಯಾ? ಎಂಟು. ಭಾನುವಾರದ್ದು, ಅಪ್ಪ ಅಮ್ಮನನ್ನು ಗೌರವಿಸು ಅನ್ನೋದು ಬಿಟ್ಟರೆ ಉಳಿದದ್ದೆಲ್ಲ ಬೇಡ ಬೇಡ ಬೇಡ. ಇದರಲ್ಲಿ ಸಂತೋಷ ಎಲ್ಲಿದೆ? ನನ್ನ ಫ್ರೆಂಡ್ಸ್ ಭಾನುವಾರ ಹತ್ತು ಗಂಟೆವರೆಗೆ ಮಲಗ್ತಾರೆ, ಆರಾಮಾಗಿದ್ದಾರೆ. ನೀನು ಐದಕ್ಕೆ ಎದ್ದು ಬಸ್ಸಿಗೆ ಓಡ್ತೀಯ. ನಗ್ತಾ ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ."

ಎಣಿಸಿದೆ. ಎಂಟೇ ಇದೆ. ಏಳು ವರ್ಷದಲ್ಲಿ ನಾನೇ ಎಣಿಸಿರಲಿಲ್ಲ.

ಅವನಿಗೆ ಬುದ್ಧಿ ಹೇಳಿ ಅಂತ ನಾನು ಕೇಳುತ್ತಿಲ್ಲ. ಹುಡುಗ ಒಳ್ಳೆಯವನು. ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದೇ ನನ್ನನ್ನು ಕೊರೆಯುತ್ತಿದೆ.

ತುಂಗಾ ತೀರ
ಮಗ ಹೇಳಿದ್ದರಲ್ಲಿ ತಪ್ಪೇನಿದೆ ಆಂಟಿ?

ಹಳೇ ಗುರ್ಕಾರ
ತಪ್ಪಿದೆ. ನಮ್ಮ ಕಾಲದಲ್ಲಿ ಅಪ್ಪ ಕಣ್ಣು ಬಿಟ್ಟರೆ ಸಾಕಿತ್ತು, ಇಡೀ ಮನೆ ಏಳು ಗಂಟೆಗೆ ತೇರ್ಸ್‌ಗೆ ಮೊಣಕಾಲೂರುತ್ತಿತ್ತು. ಜಪಮಾಲೆ ಮುಗಿಯದೆ ಊಟ ಇಲ್ಲ. ನಾವು ಒಂಬತ್ತು ಮಕ್ಕಳು, ಯಾರೂ ದಾರಿ ತಪ್ಪಲಿಲ್ಲ. ದೇವರ ಆಜ್ಞೆ ಅಂದ ಮೇಲೆ ಅದರಲ್ಲಿ ನನಗೇನು ಸುಖ ಅಂತ ಕೇಳೋದು ವ್ಯಾಪಾರ ಆಗುತ್ತೆ. ತಾಯಿ ಸಡಿಲ ಬಿಟ್ಟರೆ ಹೀಗೇ ಆಗೋದು. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳಿದೆ.

ತುಂಗಾ ತೀರ
ಅಂಕಲ್, ಒಂಬತ್ತು ಮಕ್ಕಳಲ್ಲಿ ಎಷ್ಟು ಜನ ಸಂತೋಷವಾಗಿದ್ದರು ಅಂತ ಯಾರಾದರೂ ಕೇಳಿದ್ದರಾ? ದಾರಿ ತಪ್ಪದೇ ಇರೋದು ಬೇರೆ, ಖುಷಿಯಾಗಿರೋದು ಬೇರೆ ಅಲ್ವಾ.

ಸಾಗರದ ಮೇಷ್ಟ್ರು
ಅಮ್ಮಾ, ನಿಮ್ಮ ಮಗ ಸರಿಯಾಗಿ ಎಣಿಸಿದ್ದಾನೆ. ಆದರೆ ಒಂದು ಸಾಲು ಬಿಟ್ಟು ಎಣಿಸಿದ್ದಾನೆ.

ಬೈಬಲ್ ತೆಗೆಯಿರಿ. ಕಟ್ಟಳೆಗಳು ಇರುವ ಪುಸ್ತಕದ ಹೆಸರು ನೋಡಿ. ಕನ್ನಡದಲ್ಲಿ ಅದು ವಿಮೋಚನಾಕಾಂಡ. ಬಿಡುಗಡೆಯ ಪುಸ್ತಕ. ಇಪ್ಪತ್ತನೇ ಅಧ್ಯಾಯದಲ್ಲಿ ಮೊದಲ 'ಬೇಡ' ಬರುವ ಮುಂಚೆ ದೇವರು ಒಂದು ಮಾತು ಹೇಳುತ್ತಾರೆ: ದಾಸತ್ವದಲ್ಲಿದ್ದ ನಿನ್ನನ್ನು ಈಜಿಪ್ಟಿನಿಂದ ಹೊರಗೆ ಕರೆತಂದ ದೇವರು ನಾನೇ ಅಂತ. ಅಂದರೆ ಬಿಡುಗಡೆ ಮೊದಲು ಆಯಿತು. ಸಮುದ್ರ ದಾಟಿಯಾಗಿದೆ, ಹಿಂದೆ ಬಂದ ಸೈನ್ಯ ಮುಳುಗಿಯಾಗಿದೆ. ಕಟ್ಟಳೆ ಬಂದದ್ದು ಅದೆಲ್ಲ ಆದ ಮೇಲೆ. 'ಇದನ್ನು ಪಾಲಿಸು, ಆಮೇಲೆ ಬಿಡಿಸ್ತೀನಿ' ಅಂತ ಎಲ್ಲೂ ಇಲ್ಲ. ಬಿಡಿಸಿದ್ದೀನಿ, ಮತ್ತೆ ಗುಲಾಮ ಆಗಬೇಡ, ಬೇರೆಯವರನ್ನು ಗುಲಾಮರನ್ನಾಗಿ ಮಾಡಲೂ ಬೇಡ. ಎಂಟು ಬೇಡಗಳನ್ನೂ ನಾನು ಹೀಗೇ ಓದುತ್ತೇನೆ.

ಇನ್ನೊಂದು ವಿಷಯ. ಹೀಬ್ರೂ ಮೂಲದಲ್ಲಿ ಅವನ್ನು 'ಹತ್ತು ಮಾತುಗಳು' ಅಂತಲೇ ಕರೆದಿರೋದು. ಪೋಪ್ ಫ್ರಾನ್ಸಿಸ್ 2018ರಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಬುಧವಾರದ ಉಪದೇಶಗಳಲ್ಲಿ ಹತ್ತು ಕಟ್ಟಳೆಗಳನ್ನೇ ಎತ್ತಿಕೊಂಡಿದ್ದರು. ಶುರುವಿನಲ್ಲೇ ಈ 'ಮಾತು' ಅನ್ನೋದನ್ನ ಹಿಡಿದು, ಆಜ್ಞೆಗೂ ಮಾತಿಗೂ ಇರುವ ವ್ಯತ್ಯಾಸ ಹೇಳಿದರು. ಮಾತು ಅಂದರೆ ಇಬ್ಬರ ನಡುವಿನದ್ದು.

ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗ ಆ ಮೊದಲ ಸಾಲನ್ನು ಬಿಟ್ಟುಬಿಡುತ್ತೇವೆ. ಮೂವತ್ತು ವರ್ಷ ನಾನೂ ಹಾಗೇ ಮಾಡಿದೆ.

ತುಂಗಾ ತೀರ
ಮೇಷ್ಟ್ರೇ, ಕೇಳೋಕೆ ಚೆನ್ನಾಗಿದೆ. ಆದರೆ ನನಗೆ ಕಟ್ಟಳೆ ಕಲಿಸಿದ್ದು ಮೋಶೆ ಅಲ್ಲ. ನಾನಿದ್ದ ಹಾಸ್ಟೆಲಿನಲ್ಲಿ ತಿಂಗಳ ಮೊದಲ ಶುಕ್ರವಾರ ಎಲ್ಲರೂ ಪಾಪನಿವೇದನೆ, ಅಂದರೆ ಫಾದರ್ ಹತ್ತಿರ ಪಾಪ ಹೇಳಿಕೊಳ್ಳೋದು, ಮಾಡಲೇಬೇಕು. ಸಾಲಿನಲ್ಲಿ ನಿಲ್ಲಿಸಿ ಹೆಸರು ಬರೆದುಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ಹುಡುಗನಿಗೆ ಏನು ಪಾಪ ಇರುತ್ತೆ? ಹೇಳೋಕೆ ಏನೂ ಇಲ್ಲ ಅಂತ ನಾನು ಸುಳ್ಳು ಪಾಪ ಕಟ್ಟಿ ಹೇಳ್ತಿದ್ದೆ. ಪೆನ್ಸಿಲ್ ಕದ್ದೆ ಅಂತ. ಕದ್ದಿರಲೇ ಇಲ್ಲ. ಸುಳ್ಳು ಹೇಳಬೇಡ ಅನ್ನೋ ಎಂಟನೇ ಕಟ್ಟಳೆ ಮುರಿಯೋಕೆ ನನಗೆ ಕಲಿಸಿದ್ದೇ ಆ ಸಾಲು. ಈಗಲೂ ಆ ಮರದ ಜಾಲರಿ ನೋಡಿದರೆ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತೆ. ಇದು ಯಾವ ಬಿಡುಗಡೆ?

ಹಳೇ ಗುರ್ಕಾರ
ಅದು ತಪ್ಪು. ಪಾಪನಿವೇದನೆಗೆ ಯಾರನ್ನೂ ಬಲವಂತ ಮಾಡೋ ಹಾಗಿಲ್ಲ. ವರ್ಷಕ್ಕೊಮ್ಮೆಯಾದರೂ ಮಾಡಬೇಕು ಅನ್ನೋದು ಧರ್ಮಸಭೆಯ ನಿಯಮ, ತಿಂಗಳಿಗೊಮ್ಮೆ ಹೆಸರು ಬರೆಸಬೇಕು ಅಂತ ಎಲ್ಲೂ ಇಲ್ಲ. ನಿನಗಾದದ್ದಕ್ಕೆ ನನಗೆ ಬೇಸರ ಇದೆ ಮಗಾ.

ಕಾಫಿ ಹೂವು
ಧರ್ಮಸಭೆಯ ನಿಯಮಗಳು ಐದೇ ಅಲ್ವಾ? ಭಾನುವಾರ ಮತ್ತು ಕಡ್ಡಾಯದ ಹಬ್ಬದ ದಿನ ಪೂಜೆ, ವರ್ಷಕ್ಕೊಂದು ಪಾಪನಿವೇದನೆ, ಪಾಸ್ಖ (ಈಸ್ಟರ್) ಕಾಲದಲ್ಲಿ ಪರಮಪ್ರಸಾದ, ಉಪವಾಸ, ಚರ್ಚಿನ ಖರ್ಚಿಗೆ ನೆರವು. ಇದು ತೀರಾ ಕಡಿಮೆಯ ಪಟ್ಟಿ. ನಮ್ಮಜ್ಜಿ ಇದಕ್ಕೆ ಇನ್ನೂ ಇಪ್ಪತ್ತು ಸೇರಿಸಿದ್ದರು!

ಕೊನೆಗಾರನ ಮಗಳು
ನಾನು ಜಾಸ್ತಿ ಓದಿದವಳಲ್ಲ, ಶಾಸ್ತ್ರ ಗೊತ್ತಿಲ್ಲ. ನಮ್ಮಪ್ಪ ಕೊನೆಗಾರ, ಅಡಿಕೆ ಮರ ಹತ್ತಿ ಕೊನೆ ಇಳಿಸೋನು. ಘಟ್ಟದ ಕೆಳಗಿನಿಂದ ತಾತನ ಕಾಲದಲ್ಲಿ ಕೂಲಿಗೆ ಬಂದು ತೀರ್ಥಹಳ್ಳಿ ಕಡೆ ನಿಂತವರು. 'ಬೇಡ' ಅನ್ನೋ ಮಾತು ಬಂದಾಗ ನನಗೆ ಅಪ್ಪನ ತಳೆ ನೆನಪಾಯ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಅಡಿಕೆ ಮರ ಹತ್ತುವಾಗ ಎರಡೂ ಪಾದಕ್ಕೆ ಸೇರಿಸಿ ಹಾಕೋ ಹಗ್ಗದ ಬಳೆಯೇ ತಳೆ. ಸರಿಯಾಗಿ ಒಂದು ಗೇಣು ಅಗಲ. ಅದನ್ನು ಹಾಕಿಕೊಂಡು ನೆಲದ ಮೇಲೆ ನಡೆಯೋಕೆ ಆಗಲ್ಲ, ಎರಡು ಹೆಜ್ಜೆಗೆ ಬೀಳ್ತೀರಿ. ಚಿಕ್ಕವಳಿದ್ದಾಗ ನಾನು ಹಾಕಿಕೊಂಡು ಬಿದ್ದಿದ್ದೀನಿ. ಕಾಲು ಕಟ್ಟಿಕೊಂಡು ಅಪ್ಪ ಹೆಂಗೆ ಹತ್ತುತ್ತಾನೆ ಅಂತ ಆಗ ಆಶ್ಚರ್ಯ. ಆಮೇಲೆ ಗೊತ್ತಾಯ್ತು, ಕಾಲು ಕಟ್ಟಿದ್ದಕ್ಕೇ ಹತ್ತೋಕೆ ಆಗೋದು. ಮಂಜು ಬಿದ್ದು ಮರ ನುಣುಪಾಗಿರುತ್ತೆ. ಬಿಡಿ ಕಾಲು ಜಾರುತ್ತೆ. ತಳೆ ಮರವನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತೆ. ಅಪ್ಪ ಅದರ ಮೇಲೆ ಭಾರ ಹಾಕಿ, ಕೈ ಮೇಲೆ ಸರಿಸಿ, ಮತ್ತೆ ಕಾಲು ಎತ್ತಿ, ಹಾಗೇ ಅರವತ್ತು ಅಡಿ ಹೋಗ್ತಿದ್ದ. ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುವಾಗ ಹಾಡು ಹೇಳ್ತಿದ್ದ. ಕೆಳಗೆ ನಾವು ಕತ್ತೆತ್ತಿ ನೋಡ್ತಿದ್ವಿ. ನಾನು ನೋಡಿದ ಮನುಷ್ಯರಲ್ಲಿ ಅಷ್ಟು ಸ್ವತಂತ್ರವಾಗಿ ಇದ್ದವರು ಬೇರೆ ಯಾರೂ ಇಲ್ಲ.

ಮಳೆಗಾಲ
ಓದಿ ಮೈ ಜುಮ್ ಅಂತು ಅಕ್ಕ.

ತುಂಗಾ ತೀರ
ಅಕ್ಕ, ಚಿತ್ರ ಕಣ್ಣಿಗೆ ಕಟ್ಟಿತು, ನಿಜ. ಆದರೆ ನಿಮ್ಮಪ್ಪ ಕೆಳಗೆ ಇಳಿದ ಮೇಲೆ ತಳೆ ಬಿಚ್ಚುತ್ತಿದ್ದರಲ್ಲ? ಧರ್ಮದ್ದು ಬಿಚ್ಚೋಕೆ ಆಗಲ್ಲ. ಮಲಗುವಾಗಲೂ ಕಾಲಲ್ಲೇ ಇರಬೇಕು. ನೆಲದ ಮೇಲೂ ಅದನ್ನೇ ಹಾಕಿಕೊಂಡು ನಡಿ ಅಂತಾರೆ, ಬಿದ್ದರೆ ಪಾಪ ಅಂತಾರೆ.

ಅಡಿಕೆ ತೋಟ
ಈಗ ತಳೆ ಎಲ್ಲಿದೆ? ಎಲ್ಲಾ ಫೈಬರ್ ದೋಟಿ. ನೆಲದ ಮೇಲೆ ನಿಂತು ಕೊನೆ ಇಳಿಸಿ ಮನೆಗೆ ಹೋಗೋದು. ಕೊನೆಗಾರರೂ ಸಿಗಲ್ಲ, ಸಿಕ್ಕಿದವರು ಭಾನುವಾರ ಮಾತ್ರ ಬಿಡುವು ಅಂತಾರೆ. ಹಾಗಾಗಿ ನನ್ನದೊಂದು ಪ್ರಶ್ನೆ. ಭಾನುವಾರ ಕೊಯ್ಲು ಮಾಡಿಸಿದರೆ ಪಾಪವಾ? ಹಣ್ಣಾದ ಮೇಲೆ ಅಡಿಕೆ ಕಾಯಲ್ಲ.

ಹಳೇ ಗುರ್ಕಾರ
ಮೊದಲು ಪೂಜೆ, ಆಮೇಲೆ ಕೊಯ್ಲು. ಶನಿವಾರ ಸಂಜೆ ಪೂಜೆ ಮುಗಿಸಿಕೊಂಡು ಭಾನುವಾರ ಕೆಲಸ ಇಟ್ಟುಕೊಳ್ಳೋರು ಇದ್ದಾರೆ, ಅದು ಲೆಕ್ಕಕ್ಕಿಲ್ಲ.

ಸಾಗರದ ಮೇಷ್ಟ್ರು
ಗುರ್ಕಾರರೇ, ಅದು ಲೆಕ್ಕಕ್ಕಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೇ ಸ್ಪಷ್ಟವಾಗಿದೆ: ಹಿಂದಿನ ದಿನ ಸಂಜೆಯ ಪೂಜೆಯಲ್ಲಿ ಪಾಲ್ಗೊಂಡರೂ ಕರ್ತವ್ಯ ಪೂರೈಸಿದಂತೆ. ಕಾಯಿಲೆ, ಹಸುಗೂಸಿನ ಆರೈಕೆ ಇಂಥ ಗಂಭೀರ ಕಾರಣ ಇದ್ದರೆ ಹೋಗದಿದ್ದರೂ ಪಾಪ ಅಲ್ಲ ಅಂತ 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಆದರೆ ಕೆಲಸದ ಮಾತು ಬೇರೆ. ಆರಾಧನೆಗೂ ಆ ದಿನದ ಸಂತೋಷಕ್ಕೂ ವಿಶ್ರಾಂತಿಗೂ ಅಡ್ಡ ಬರುವ ಕೆಲಸ ಬಿಡಬೇಕು ಅಂತ ಇದೆ. ಕಾನೂನಿನ ಪುಸ್ತಕದಲ್ಲಿ 'ಸಂತೋಷ' ಅನ್ನೋ ಪದ ಇದೆ ಅನ್ನೋದನ್ನ ಅಮ್ಮನ ಮಗನಿಗೆ ತೋರಿಸಬೇಕು.

ಲೈನ್ ಮನೆಯವನು
ಇಲ್ಲಿ ಎಲ್ಲರೂ ಯಜಮಾನನ ಪಾಪದ ಬಗ್ಗೆ ಮಾತಾಡ್ತಿದ್ದೀರಿ. ಕೊಯ್ಲು ಮಾಡೋನ ಭಾನುವಾರ ಎಲ್ಲಿ ಹೋಯ್ತು?

ನಾನು ಕೊಪ್ಪ ಕಡೆ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದವನು. ಯಜಮಾನರು ನಮ್ಮ ಚರ್ಚಿನವರೇ. ಅವರು ಭಾನುವಾರ ಜೀಪಿನಲ್ಲಿ ಪೂಜೆಗೆ ಹೋಗೋರು, ಮುಂದಿನ ಬೆಂಚು. ಕಾಫಿ ಹಣ್ಣಿನ ಟೈಮಲ್ಲಿ ಅಮ್ಮ ಅವರ ತೋಟದಲ್ಲಿ ಬುಟ್ಟಿ ಕಟ್ಟಿಕೊಂಡಿರೋಳು. ಅವರು ಭಾನುವಾರದ್ದು, ಆ ಮೂರನೇ ಕಟ್ಟಳೆ, ಪಾಲಿಸಿದರಾ ಮುರಿದರಾ? ನನಗೆ ಇವತ್ತಿಗೂ ಈ ಪ್ರಶ್ನೆ ಬಗೆಹರಿದಿಲ್ಲ.

ಸಾಗರದ ಮೇಷ್ಟ್ರು
ಮುರಿದರು. ಇದರಲ್ಲಿ ನನಗೆ ಅನುಮಾನ ಇಲ್ಲ.

ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಇದೇ ಕಟ್ಟಳೆ ಎರಡನೇ ಸಲ ಬರುತ್ತದೆ. ಅಲ್ಲಿ ನೀನೊಬ್ಬನೇ ಕೆಲಸ ನಿಲ್ಲಿಸು ಅಂತ ಇಲ್ಲ. ನಿನ್ನ ಮಗ, ಮಗಳು, ಆಳು, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಿ, ಎಲ್ಲರೂ. ಆಳುಗಳೂ ನಿನ್ನ ಹಾಗೆಯೇ ವಿಶ್ರಮಿಸಲಿ ಅಂತ ಬಿಡಿಸಿ ಹೇಳಿದೆ. ಕಾರಣವನ್ನೂ ಕೊಟ್ಟಿದೆ: ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ, ಮರೆಯಬೇಡ. ಗುಲಾಮರಿಗೆ ರಜೆ ಅನ್ನೋದು ಇರಲಿಲ್ಲ. ಆ ಕಟ್ಟಳೆ ಕೂಲಿಯವನ ಪರವಾಗಿ ಯಜಮಾನನಿಗೆ ಹಾಕಿದ ಬೇಲಿ. ನಾವು ಅದನ್ನು ಕೂಲಿಯವನಿಗೆ ಹಾಕಿದ ಬೇಲಿ ಮಾಡಿಬಿಟ್ಟೆವು.

ಲೈನ್ ಮನೆಯವನು
ಇದನ್ನ ಯಾವ ಪ್ರಬೋಧನೆಯಲ್ಲೂ ನಾನು ಕೇಳಿಲ್ಲ ಸರ್. ಅಮ್ಮ ಈಗಿಲ್ಲ. ಅವಳಿಗೆ ಹೇಳಬೇಕಿತ್ತು. ಪೂಜೆ ತಪ್ಪಿತು ಅಂತ ಅವಳು ಪಾಪನಿವೇದನೆ ಮಾಡ್ತಿದ್ದಳು.

ಅಡಿಕೆ ತೋಟ
ಸರಿ. ನಾನು ಕೊನೆಗಾರನ ಹತ್ತಿರ ಮಾತಾಡ್ತೀನಿ. ಸೋಮವಾರ ಬಂದರೆ ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂತ.

ಶಿಕಾರಿಪುರ
ನಾನು ನಿಮ್ಮ ಧರ್ಮದವನಲ್ಲ, ಮಧ್ಯ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ತಾಲ್ಲೂಕು ಶರಣರ ನೆಲ, ಬಳ್ಳಿಗಾವಿ, ಉಡುತಡಿ ಎಲ್ಲ ಇಲ್ಲೇ. ನಾವೂ ಚಿಕ್ಕಂದಿನಿಂದ 'ಬೇಡ ಬೇಡ' ಅಂತಲೇ ವಚನ ಕಲಿತವರು. ಕಳ್ಳತನ ಬೇಡ, ಕೊಲೆ ಬೇಡ, ಸುಳ್ಳು ಬೇಡ. ಯಾರಿಗೂ ಅದು ಸಂಕೋಲೆ ಅನಿಸಿದ್ದು ನಾನು ನೋಡಿಲ್ಲ. ಒಳಗೂ ಹೊರಗೂ ಒಂದೇ ಥರ ಇರೋನಿಗೆ ಹೆದರಿಕೆ ಇರಲ್ಲ, ಅಷ್ಟೇ.

ಸಿಎಸ್‌ಐ ಗೆಳೆಯ
ಮೇಷ್ಟ್ರೇ, ಸಣ್ಣ ತಿದ್ದುಪಡಿ. ಭಾನುವಾರದ್ದು ನಾಲ್ಕನೇ ಕಟ್ಟಳೆ, ಮೂರನೇದಲ್ಲ.

ಕಾಫಿ ಹೂವು
ನಿಮ್ಮ ಪ್ರೊಟೆಸ್ಟೆಂಟರಲ್ಲಿ ನಾಲ್ಕು, ನಮ್ಮಲ್ಲಿ ಮೂರು. ಬೈಬಲಿನಲ್ಲಿ ನಂಬರೇ ಇಲ್ಲ. ಕಥೋಲಿಕರು ಸಂತ ಅಗಸ್ಟೀನರ ಎಣಿಕೆ ಹಿಡಿದಿದ್ದೀವಿ. ವಿಗ್ರಹದ ಮಾತು ಮೊದಲನೆಯದರಲ್ಲೇ ಸೇರುತ್ತೆ, ಆಸೆಪಡಬೇಡ ಅನ್ನೋದು ಎರಡಾಗಿ ಒಡೆಯುತ್ತೆ. ಕೊನೆಗೆ ಎರಡೂ ಕಡೆ ಹತ್ತೇ.

ತುಂಗಾ ತೀರ
ಅಗಸ್ಟೀನರೇ 'ಪ್ರೀತಿಸು, ಆಮೇಲೆ ನಿನಗೆ ಬೇಕಾದ್ದು ಮಾಡು' ಅಂದಿದ್ದಾರಲ್ಲ? ಹಂಗಾದರೆ ಕಟ್ಟಳೆ ಯಾಕೆ?

ಸಾಗರದ ಮೇಷ್ಟ್ರು
ಅವರು ಅದನ್ನು ಹೇಳಿದ್ದು ಯೋವಾನ್ನರ ಮೊದಲ ಪತ್ರದ ಮೇಲೆ ಪ್ರಬೋಧನೆ ಮಾಡುವಾಗ. ಸುಮ್ಮನಿದ್ದರೂ ಪ್ರೀತಿಯಿಂದ ಸುಮ್ಮನಿರು, ಗದರಿದರೂ ಪ್ರೀತಿಯಿಂದ ಗದರು ಅಂತ ಮುಂದುವರಿಯುತ್ತದೆ. ಬೇಕಾಬಿಟ್ಟಿ ಬದುಕು ಅಂತ ಅಲ್ಲ. ಪ್ರೀತಿ ಬೇರಿನಲ್ಲಿದ್ದರೆ ಅದರಿಂದ ಕೆಟ್ಟದ್ದು ಹುಟ್ಟಲ್ಲ ಅನ್ನೋ ನಂಬಿಕೆ ಅದು.

ಹೆಸರು ಬೇಡ
ಬೇರೆ ಐಡಿಯಿಂದ ಬರೆಯುತ್ತಿದ್ದೇನೆ. ಸ್ವಾತಂತ್ರ್ಯದ ಬಗ್ಗೆ ನನಗೆ ಹೇಳೋಕೆ ಒಂದೇ ಇದೆ. ಎರಡು ವರ್ಷ ಫೋನಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡಿದೆ. ಯಾರೂ ತಡೆಯಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ಪೂರ್ತಿ ಸ್ವತಂತ್ರ. ಹೆಂಡತಿಯ ಸರ ಅಡ ಇಟ್ಟೆ. ರಾತ್ರಿ ಕೊಟ್ಟಿಗೆಯಲ್ಲಿ ಕೂತು ಆಡ್ತಿದ್ದೆ, ಕೈ ನಿಲ್ಲುತ್ತಿರಲಿಲ್ಲ. ಬೇಡ ಅನ್ನೋ ಶಕ್ತಿ ಹೋಗಿತ್ತು. ಈಗ ಹದಿನಾಲ್ಕು ತಿಂಗಳಾಯಿತು ಬಿಟ್ಟು. ಆ 'ಬೇಡ' ವಾಪಸ್ ಬಂದಿದ್ದೇ ನನ್ನ ಬಿಡುಗಡೆ. ತಂಗಿ ಹೇಳಿದ ತಳೆ ನನಗೆ ಅರ್ಥ ಆಗುತ್ತೆ.

ಮಳೆಗಾಲ
ನಿಮಗೆ ದೇವರು ಒಳ್ಳೆಯದು ಮಾಡಲಿ ಅಣ್ಣ. ಸರ ಬಿಡಿಸಿಕೊಂಡಿರಾ?

ಹೆಸರು ಬೇಡ
ಇನ್ನೂ ಇಲ್ಲ. ಈ ಅಡಿಕೆ ಮಾರಿದ ಮೇಲೆ.

ಭದ್ರಾವತಿ ಹುಡುಗಿ
ಎಲ್ಲರೂ ಕಟ್ಟಳೆಯಿಂದ ಬಿಡುಗಡೆ ಸಿಕ್ಕಿತು ಅಂತ ಬರೆಯುತ್ತಿದ್ದೀರಿ. ನನ್ನ ಕಥೆ ಹಾಗಿಲ್ಲ. ನಾನು ಮದುವೆಯಾದವರು ಕ್ರೈಸ್ತರಲ್ಲ. ಮತಾಂತರ ಆಗಲ್ಲ ಅಂದರು, ನಾನೂ ಕೇಳಲಿಲ್ಲ. ಚರ್ಚಿನಲ್ಲಿ ಮದುವೆಯಾಗಬೇಕು ಅಂದರೆ ಬಿಷಪರ ಅನುಮತಿ ಬೇಕು. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ನನ್ನಿಂದಾದಷ್ಟು ಪ್ರಯತ್ನ ಮಾಡ್ತೀನಿ ಅಂತ ನಾನು ಮಾತು ಕೊಡಬೇಕು. ಕೊಟ್ಟೆ. ಆದರೂ ಆ ಆರು ತಿಂಗಳು ಕಾಗದ ಹಿಡಿದು ಓಡಾಡಿದಾಗ ಒಬ್ಬರೂ 'ನೀನು ಖುಷಿಯಾಗಿದ್ದೀಯಾ' ಅಂತ ಕೇಳಲಿಲ್ಲ. ನಿಯಮ ಹೇಳೋರು ಹತ್ತು ಜನ ಸಿಕ್ಕರು. ಪೂಜೆಯಲ್ಲಿ ಈಗಲೂ ಹಿಂದಿನ ಬೆಂಚಿನಲ್ಲೇ ಕೂರ್ತೀನಿ.

ಹಳೇ ಗುರ್ಕಾರ
ನಿಯಮ ಇರೋದು ನಿನ್ನ ನಂಬಿಕೆ ಉಳಿಯಲಿ ಅಂತ ಮಗಳೇ. ಯೋಚನೆ ಮಾಡಿ ಮದುವೆ ಆಗಬೇಕಿತ್ತು.

ಕೊನೆಗಾರನ ಮಗಳು
ಗುರ್ಕಾರ ಅಣ್ಣ, ಅವಳು ಕೇಳಿದ್ದು ಅದಲ್ಲ.

ಭದ್ರಾವತಿ ತಂಗೀ, ನೀನು ಹಿಂದಿನ ಬೆಂಚಿಗೆ ಬರ್ತೀಯಲ್ಲ, ಬಾ. ತುಂಗಾ ತೀರ ತಮ್ಮ ಕೇಳಿದ್ದಕ್ಕೂ ಇಲ್ಲೇ ಹೇಳ್ತೀನಿ, ಎರಡು ದಿನ ಯೋಚನೆ ಮಾಡಿದೆ. ಹೌದು, ಅಪ್ಪ ಇಳಿದ ಮೇಲೆ ತಳೆ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ಹಾಕ್ತಿದ್ದ. ಆದರೆ ಇನ್ನೊಂದು ವಿಷಯ ನಾನು ಬರೆದಿರಲಿಲ್ಲ. ತಳೆಯನ್ನು ಅವರವರ ಕಾಲಿಗೆ ತಕ್ಕ ಹಾಗೆ ಅವರೇ ಹೊಸೆದುಕೊಳ್ಳಬೇಕು. ಬೇರೆಯವರದ್ದು ಹಾಕಿಕೊಂಡರೆ ಬಿಗಿಯಾಗಿ ಪಾದ ಸುಲಿಯುತ್ತೆ, ಇಲ್ಲಾ ಸಡಿಲಾಗಿ ಜಾರುತ್ತೆ. ಅಣ್ಣನಿಗೆ ಕಲಿಸುವಾಗ ಅಪ್ಪ ಮೊದಲ ದಿನ ಇಡೀ ತಳೆ ಹೊಸೆಯೋದನ್ನೇ ಕಲಿಸಿದ. ಅವನ ಕಾಲು ತೊಡೆ ಮೇಲೆ ಇಟ್ಟುಕೊಂಡು ಅಳತೆ ನೋಡಿದ. ನಿಮ್ಮ ಹಾಸ್ಟೆಲಿನಲ್ಲಿ, ಭದ್ರಾವತಿಯಲ್ಲಿ, ಯಾರೂ ಕಾಲು ತೊಡೆ ಮೇಲೆ ಇಟ್ಟುಕೊಳ್ಳಲಿಲ್ಲ. ಹಗ್ಗ ಮಾತ್ರ ಎಸೆದರು. ಅದಕ್ಕೆ ಸುಲಿದದ್ದು.

ತುಂಗಾ ತೀರ
ಅಕ್ಕ, ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಒಪ್ಪಿದೆ ಅಂತ ಅಲ್ಲ, ಯೋಚನೆ ಮಾಡ್ತಿದ್ದೀನಿ.

ಹಳೇ ಗುರ್ಕಾರ
ಭದ್ರಾವತಿ ಮಗಳೇ, ನನ್ನ ಮಾತು ಒರಟಾಯಿತು. ಕ್ಷಮಿಸು.

ಕಾಫಿ ಹೂವು
ಸುವಾರ್ತೆಯಲ್ಲಿ ಒಬ್ಬ ಶ್ರೀಮಂತ ಯುವಕ ಬರ್ತಾನಲ್ಲ, ಮತ್ತಾಯ 19ರಲ್ಲಿ. ಕಟ್ಟಳೆ ಎಲ್ಲಾ ಪಾಲಿಸಿದ್ದೀನಿ, ಇನ್ನೇನು ಕಡಿಮೆ ಅಂತ ಕೇಳ್ತಾನೆ. ಎಲ್ಲಾ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅಂತಾರೆ ಯೇಸು. ಅವನು ಬೇಸರದಲ್ಲಿ ಹೊರಟು ಹೋಗ್ತಾನೆ. ಅಂದರೆ ಅಷ್ಟೂ ಪಾಲಿಸಿದವನಿಗೂ ಸಂತೋಷ ಸಿಗಲಿಲ್ಲ. ನಾನೂ ಪಟ್ಟಿ ಮಾಡಿ ಟಿಕ್ ಹಾಕೋ ಜಾತಿಯವಳು, ಹಾಗಾಗಿ ಈ ಭಾಗ ಓದಿದಾಗಲೆಲ್ಲ ನನಗೆ ಕಷ್ಟ ಆಗುತ್ತೆ.

ಅಡಿಕೆ ತೋಟ
ವಿಷಯಾಂತರ. ಈ ವರ್ಷ ಕ್ರಿಸ್ಮಸ್ ರಾತ್ರಿ ಪೂಜೆ ಮುಗಿದ ಮೇಲೆ ಶಿವಮೊಗ್ಗದಿಂದ ಹೊಸನಗರಕ್ಕೆ ಯಾರಾದರೂ ಕಾರಲ್ಲಿ ವಾಪಸ್ ಬರೋರಿದ್ದೀರಾ? ಇಬ್ಬರಿದ್ದೀವಿ.

ಹೊಸನಗರದ ಅಮ್ಮ
ಎಲ್ಲಾ ಓದಿದೆ, ಕೆಲವನ್ನು ಎರಡು ಸಲ. ತೋಟದಣ್ಣ, ನಮ್ಮ ಕಡೆಯಿಂದ ಒಂದು ವ್ಯಾನ್ ಮಾಡ್ತಿದ್ದಾರೆ, ಇಬ್ಬರಿಗೆ ಜಾಗ ಆಗುತ್ತೆ. ಕೇಳಿ ಹೇಳ್ತೀನಿ.

ಲೈನ್ ಮನೆಯವರ ಮಾತು ಓದಿ ನನಗೆ ನನ್ನದೇ ಒಂದು ವಿಷಯ ನೆನಪಾಯಿತು. ಮಗನಿಗೆ ನಾಲ್ಕು ವರ್ಷ ಇದ್ದಾಗ ಇವರು ತೀರಿಹೋದರು. ಆಗ ನಾನು ಬೆಳಗ್ಗೆ ಒಂದು ಮನೆಯ ಅಡುಗೆ, ಹಗಲು ತೋಟದ ಕೆಲಸ, ರಾತ್ರಿ ಬೇರೆಯವರ ಅಡಿಕೆ ಸುಲಿಯೋದು. ಬಾ ಅಂದವರಿಗೆ ಇಲ್ಲ ಅನ್ನೋ ಧೈರ್ಯ ಇರಲಿಲ್ಲ. ಭಾನುವಾರ ಮಾತ್ರ 'ಪೂಜೆಗೆ ಹೋಗಬೇಕು' ಅಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮೂರನೇ ಬೆಂಚಿನಲ್ಲಿ ಕಂಬದ ಪಕ್ಕ ಕೂರುತ್ತಿದ್ದೆ. ಎಷ್ಟೋ ಸಲ ಫಾದರ್ ಪ್ರಬೋಧನೆ ಶುರು ಮಾಡಿದಾಗ ನಿದ್ದೆ ಬಂದಿದ್ದು ಪರಮಪ್ರಸಾದದ ಗಂಟೆಗೆ ಎಚ್ಚರ ಆಗುತ್ತಿತ್ತು. ಅದನ್ನು ಪಾಪ ಅಂತ ನಿವೇದಿಸಿಕೊಂಡೂ ಇದ್ದೇನೆ. ವಾರದಲ್ಲಿ ಆ ಒಂದು ಗಂಟೆ ಯಾರೂ ನನ್ನನ್ನು ಏನೂ ಕೇಳುವ ಹಾಗಿರಲಿಲ್ಲ. ಮಗ ನನ್ನ ತೊಡೆ ಮೇಲೆ ಮಲಗಿರುತ್ತಿದ್ದ.

ಇದನ್ನು ಅವನಿಗೆ ನಾನು ಹೇಳಿಯೇ ಇರಲಿಲ್ಲ. ನಿನ್ನೆ ರಾತ್ರಿ ಅಡಿಕೆ ಸುಲಿಯುವಾಗ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ 'ಕಂಬದ ಪಕ್ಕ ಅಂದರೆ ಆ ಫ್ಯಾನ್ ಇರೋ ಕಡೆನಾ?' ಅಂತ ಕೇಳಿದ. ಹೌದು ಅಂದೆ. ಇವತ್ತು ಬೆಳಗ್ಗೆ ಪೂಜೆಗೆ ಬರಲಿಲ್ಲ, ನಾನೂ ಎಬ್ಬಿಸಲಿಲ್ಲ. ವಾಪಸ್ ಬರುವಷ್ಟರಲ್ಲಿ ಉಳಿದಿದ್ದ ಎರಡು ಬುಟ್ಟಿ ಅವನೇ ಸುಲಿದಿಟ್ಟಿದ್ದ, ಅನ್ನಕ್ಕೂ ಇಟ್ಟಿದ್ದ. 'ಇವತ್ತು ಏನೂ ಮಾಡಬೇಡ, ಕೂತ್ಕೋ' ಅಂದ.

ಮೇಷ್ಟ್ರೇ, ಮುಂದಿನ ವಾರ ಮಕ್ಕಳಿಗೆ ಮೂರನೇ ಕಟ್ಟಳೆಯ ಪಾಠ ಇದೆ. ಆಳಿಗೂ ವಿಶ್ರಾಂತಿ ಅನ್ನೋ ಭಾಗ ಧರ್ಮೋಪದೇಶಕಾಂಡದಲ್ಲಿ ಎಷ್ಟನೇ ಅಧ್ಯಾಯ?

ಸಾಗರದ ಮೇಷ್ಟ್ರು
ಐದನೇ ಅಧ್ಯಾಯ ಅಮ್ಮಾ, 12ರಿಂದ 15. ಮಕ್ಕಳ ಕೈಯಲ್ಲೇ ಓದಿಸಿ. ಎತ್ತು ಕತ್ತೆ ಬಂದಾಗ ನಗುತ್ತಾರೆ, ನಗಲಿ ಬಿಡಿ.